ಬಿಸ್ಕತ್ ಡಬ್ಬಿಯ ತಾಳಕ್ಕೆ ದಾನವ್ವನ ಒಡಪು

ಅಲ್ಲ ದಿಶಾ, ಅದು ಬರೀ ಬಿಸ್ಕತ್ ಡಬ್ಬಿ ಅಲ್ಲ ಕಣೆ, ಪಕ್ಕದ ಬ್ಲಾಕಿನ ದಾನವ್ವಜ್ಜಿ ಮನೆಯ ಡೋಲು. ಫೋನಿನಲ್ಲಿ ರೆಕಾರ್ಡ್ ಆಗುತ್ತಿದೆಯಾ? ಹಾಗಾದರೆ ಹೇಳುತ್ತೇನೆ.

ಆಗ ಅರವತ್ತರ ದಶಕದ ಶುರು. ಕೆರಿಬಿಯನ್ ದ್ವೀಪಗಳ ಕಲಿಪ್ಸೊ ಹಾಡು ಸಿಂಗಪುರಕ್ಕೂ ಬಂದಿತ್ತು. ರೇಡಿಯೊ, ಮದುವೆಮನೆ, ಎಲ್ಲಿ ಹೋದರೂ ಅದೇ. ನಿನ್ನ ತಾತ ಕೂಡ ಹೂವಿನ ಶರಟು ಹೊಲಿಸಿಕೊಂಡಿದ್ದರು, ಅದು ಬಿಡು. ದಾನವ್ವನ ಯಜಮಾನರು ಚನ್ನಪ್ಪ ಹಗಲು ಬಂದರಿನಲ್ಲಿ ಗುಮಾಸ್ತರು, ಶನಿವಾರ ಕಲ್ಲಾಂಗ್ ಹೊಳೆಯ ದಂಡೆಯಲ್ಲಿ ಕಲಿಪ್ಸೊ ಹಾಡುವವರು. ಎದುರು ಕೂತವರ ಮೇಲೆ ಅಲ್ಲೇ ಪದ ಕಟ್ಟಿ ಛೇಡಿಸುವುದೇ ಆ ಹಾಡಿನ ಮಜಾ. ಮನೆಯಲ್ಲಿ ಹಾಡುವಾಗ ಅವರ ತಾಳಕ್ಕೆ ಇದೇ ಡಬ್ಬಿ.

ದಾನವ್ವ ಧಾರವಾಡದ ಕಡೆಯಿಂದ ಬಂದ ಹೊಸ ಮದುವಣಗಿತ್ತಿ. ಒಂದು ಪಾರ್ಟಿಯಲ್ಲಿ ಬ್ಯಾಂಡಿನವರು ಮೈಕ್ ಹಿಡಿದು ನಿನ್ನ ಗಂಡನ ಹೆಸರೇನು ಎಂದು ಛೇಡಿಸಿದರು. ದಾನವ್ವನ ಊರ ಕಡೆ ಗಂಡನ ಹೆಸರನ್ನು ನೆಟ್ಟಗೆ ಹೇಳುವಂತಿಲ್ಲ, ಪ್ರಾಸ ಕಟ್ಟಿ ಒಡಪಿನಲ್ಲೇ ಹೇಳಬೇಕು. ಇವಳು ಸೆರಗು ಸರಿಮಾಡಿಕೊಂಡು ಹೇಳಿಯೇ ಬಿಟ್ಟಳು. ಇವಳೂ ಕಲಿಪ್ಸೊ ಹಾಡುಗಾರ್ತಿ ಎಂದುಕೊಂಡ ಬ್ಯಾಂಡಿನವರು ಡ್ರಮ್ ಬಾರಿಸಿದರು. ಒಂದಕ್ಷರ ತಿಳಿಯದ ಜನ ಒನ್ಸ್ ಮೋರ್ ಎಂದರು. ಒಡಪಿಗೂ ಕಲಿಪ್ಸೊಗೂ ನಡುವೆ ಬರೀ ಸಮುದ್ರ ಅಡ್ಡ ಎಂದು ಚನ್ನಪ್ಪ ನಕ್ಕರು.

ಆಮೇಲೆ ಬೇರೆ ಹಾಡುಗಳು ಬಂದವು. ಕಲಿಪ್ಸೊ ಹೋಯಿತು, ಡಬ್ಬಿ ಉಳಿಯಿತು.

ಹೋದ ವರ್ಷ ಲಕ್ವ ಹೊಡೆದು ಚನ್ನಪ್ಪನವರ ಮಾತು ತೊದಲತೊಡಗಿತು. ಆದರೂ ಮೊಮ್ಮಗಳ ನಿಶ್ಚಿತಾರ್ಥಕ್ಕೆ ಹಾಡಿಯೇ ತೀರುವ ಹಟ. ಮೊನ್ನೆ ಅದಕ್ಕೆಂದೇ ಅವರ ಬ್ಲಾಕಿನ ಕೆಳಗಿನ ತೆರೆದ ಜಾಗದಲ್ಲಿ, ಅದೇ ವಾಯ್ಡ್ ಡೆಕ್‌ನಲ್ಲಿ, ಎಲ್ಲ ಸೇರಿದ್ದಾಗ ಮಗಳು ಸುಮಂಗಲಾ ತಡೆಯಲು ಹೋದಳು.

"ಬ್ಯಾಡ ಅಪ್ಪಾ, ಮಂದಿ ಅಯ್ಯೋ ಪಾಪ ಅಂತಾರ."

"ಹಾಡ್ಲಿ ಬಿಡವಾ," ಅಂದಳು ದಾನವ್ವ.

ಎರಡು ಸಾಲು ಬಂತು. ಮೂರನೆಯದು ಬರಲೊಲ್ಲದು. ಅವರ ಕೈ ಮಾತ್ರ ಡಬ್ಬಿ ಬಡಿಯುತ್ತಲೇ ಇತ್ತು. ಎಲ್ಲರೂ ನೆಲ ನೋಡತೊಡಗಿದರು. ಆಗ ದಾನವ್ವ ಎದ್ದು, ಅದೇ ತಾಳಕ್ಕೆ ಸರಿಯಾಗಿ ಹೇಳಿದಳು:

"ಕಲ್ಲಾಂಗ್ ಹೊಳಿಗೆ ದೋಣಿ ಚಂದ,
ಡಬ್ಬಿ ತಾಳಕ್ಕ ಹಾಡು ಚಂದ,
ಹಾಡು ಮರತರ ಮರೀಲಿ ಬಿಡ್ರಿ,
ಚನ್ನಪ್ಪನೋರ ನಗಿ ಚಂದ."

ಅವರು ನಕ್ಕರು ನೋಡು, ಸೊಟ್ಟ ಬಾಯಲ್ಲೇ. "ಒನ್ಸ್... ಮೋರ್," ಅಂದರು. ಎಂಥ ಹೆಂಗಸು ಕಣೆ ಅವಳು.

ಆ ಗಡಿಬಿಡಿಯಲ್ಲಿ ಅವರ ಮನೆಯವರು ಉಳಿದ ಕೋಡುಬಳೆಯನ್ನು ಇದೇ ಡಬ್ಬಿಗೆ ತುಂಬಿ ನನ್ನ ಕೈಗೆ ಕೊಟ್ಟುಬಿಟ್ಟಿದ್ದಾರೆ. ಈಗ ಚನ್ನಪ್ಪನವರು ಡಬ್ಬಿ ಇಲ್ಲದೆ ಊಟದ ಟೇಬಲ್ ಬಡಿಯುತ್ತಿದ್ದಾರಂತೆ, ಲೋಟಗಳೆಲ್ಲ ಕುಣಿಯುತ್ತಿವೆಯಂತೆ. ಕೋಡುಬಳೆ ಬೇರೆ ಪಾತ್ರೆಗೆ ಸುರಿದು, ಡಬ್ಬಿ ಒರೆಸಿ, ಕೊಟ್ಟು ಬಾ ಪುಟ್ಟಿ. ಮುಚ್ಚಳ ಮರೀಬೇಡ, ತಾಳ ಇರೋದೇ ಅದರಲ್ಲಿ.