ಎಡ ವಿಂಗರ್ ಬಗ್ಗೆ ನಾನು ಬರೆದ ಒಂದು ಸಾಲು

ಕಳೆದ ವಾರ ಪಾಂಡವಪುರದ ಸ್ಟೇಷನ್ ರಸ್ತೆಯಲ್ಲಿ ನಡೆದು ಹೋಗುವಾಗ ವೆಲ್ಡಿಂಗ್ ರಾಡು ಸುಟ್ಟ ವಾಸನೆ ಬಂತು. ಕಾದ ಕಬ್ಬಿಣ, ಅದರ ಹಿಂದೆಯೇ ಬಣ್ಣ ಕರಗಿದ ಘಾಟು. ನನಗೆ ತಕ್ಷಣ ನೆನಪಾದದ್ದು ಫುಟ್‌ಬಾಲ್. ಇಲ್ಲಿನ ಕ್ಲಬ್ಬಿಗೆ ಒಂದೇ ಹಂಗಾಮು ಆಡಿದ ಎಡ ವಿಂಗರ್ ಪಕ್ಕದಲ್ಲಿ ಬಂದು ನಿಂತರೆ ಇದೇ ವಾಸನೆ ಬರುತ್ತಿತ್ತು...

ಆಗ ನಾನು ಶ್ರೀರಂಗಪಟ್ಟಣದಲ್ಲಿದ್ದುಕೊಂಡು ಸುತ್ತಲಿನ ತಾಲ್ಲೂಕುಗಳ ಸುದ್ದಿಯನ್ನು ಪತ್ರಿಕೆಯೊಂದಕ್ಕೆ ಕಳಿಸುತ್ತಿದ್ದೆ. ಭಾನುವಾರ ಪಾಂಡವಪುರದ ಮೈದಾನಕ್ಕೆ ಹೋಗುವುದು ಅರ್ಧ ಕೆಲಸ, ಅರ್ಧ ಚಟ. ಅವನಿಗೆ ಇಪ್ಪತ್ತೆರಡು ಇದ್ದಿರಬಹುದು. ಕಮ್ಮಾರರ ಮನೆಯವನು, ಅಣ್ಣನ ಜೊತೆ ವೆಲ್ಡಿಂಗ್ ಅಂಗಡಿ ನಡೆಸುತ್ತಿದ್ದ. ಚೆಂಡು ಸಿಕ್ಕಿತೆಂದರೆ ಎಡಗಡೆಯ ಗೆರೆ ಹಿಡಿದು ನುಗ್ಗುತ್ತಿದ್ದ. ಅಡ್ಡ ಬಂದವನನ್ನು ಭುಜ ಕೊಟ್ಟು ಕೆಡವಿ, ಸೀಟಿ ಊದಿದರೆ ರೆಫರಿಯ ಮೇಲೂ ಹೋಗುತ್ತಿದ್ದ. "ಲೇ, ಅದು ಕಬ್ಣ ಅಲ್ಲ ಕಣ್ಲಾ, ಮನ್ಸ!" ಎಂದು ಗೆರೆಯಾಚೆಯಿಂದ ಜನ ಕೂಗಿದರೆ, "ಕಬ್ಣ ಆಗಿದ್ರೆ ಮಾತ್ ಕೇಳೋದು ಬುಡ್ಲಾ!" ಎಂದು ಓಡುತ್ತಲೇ ಉತ್ತರ ಕೊಡುತ್ತಿದ್ದ.

ಹಂಗಾಮಿನ ಕೊನೆಯ ಪಂದ್ಯ ಕೆ.ಆರ್. ಪೇಟೆ ತಂಡದ ಜೊತೆ. ಇಲಾಖೆಯೊಂದರ ತಂಡಕ್ಕೆ ಆಟಗಾರರನ್ನು ಆರಿಸುವವರು ಮೈಸೂರಿನಿಂದ ಬರುವವರಿದ್ದರು. ಅವನನ್ನೇ ನೋಡಲು ಬರುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಆರಿಸಿದರೆ ಆಟದ ಜೊತೆ ಸರ್ಕಾರಿ ನೌಕರಿ. ಕ್ಲಬ್ಬಿನ ಕೋಚ್, ನಿವೃತ್ತ ಡ್ರಿಲ್ ಮೇಷ್ಟ್ರು, ಆ ವಾರ ಅವನು ವೆಲ್ಡಿಂಗ್ ಕೆಲಸ ಮುಟ್ಟಕೂಡದು ಎಂದು ಕಟ್ಟಪ್ಪಣೆ ಮಾಡಿದ್ದರು.

ಶನಿವಾರ ನಾನು ಬೇರೊಂದು ಸುದ್ದಿಗೆಂದು ಗೋವಿಂದನಹಳ್ಳಿ ಕಡೆ ಹೋಗಿದ್ದೆ. ದಾರಿಯಲ್ಲಿ ಒಂದು ತೋಟದ ಮನೆಯ ಜಗಲಿಯ ಮೇಲೆ ಅವನು ಕಾಫಿ ಕುಡಿಯುತ್ತ ಕುಳಿತಿದ್ದ. ಆ ಮನೆ ಎದುರಾಳಿ ಕ್ಲಬ್ಬಿನ ಅಧ್ಯಕ್ಷರದು. ನನ್ನನ್ನು ಕಂಡವನೇ ಲೋಟ ಕೆಳಗಿಟ್ಟು ಮನೆಯ ಹಿಂದಕ್ಕೆ ಸರಿದ. ಸಂಜೆ ಕೋಚ್‌ಗೆ ಫೋನ್ ಮಾಡಿ, ಹುಡುಗ ಎಲ್ಲಿ ಎಂದು ಸುಮ್ಮನೆ ಕೇಳಿದೆ. "ನಾಗಮಂಗಲದಲ್ಲವ್ನೆ ಕಣ್ರೀ, ಸೋದರತ್ತೆ ಮನೆಗೋಗವ್ನೆ" ಎಂದರು. ನಾನು ಫೋನ್ ಇಟ್ಟೆ. ಕಂಡದ್ದು, ಕೇಳಿದ್ದು ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಭಾನುವಾರ ಅವನು ಕ್ಯಾಪನ್ನು ಹುಬ್ಬಿನವರೆಗೆ ಎಳೆದುಕೊಂಡು ಮೈದಾನಕ್ಕೆ ಬಂದ, ರೆಫರಿ ತೆಗೆಸಿದರು. ಎತ್ತರದಲ್ಲಿ ಬಂದ ಚೆಂಡಿಗೆ ತಲೆ ತಗ್ಗಿಸಿದ. ಗೋಲ್‌ಕೀಪರ್ ಒಬ್ಬನೇ ಎದುರಿಗಿದ್ದಾಗ, ಒಮ್ಮೆಯಲ್ಲ ಎರಡು ಸಲ, ಗಾಳಿಗೆ ಒದ್ದ. ಯಾರ ಜೊತೆಗೂ ಜಗಳವಾಡಲಿಲ್ಲ. ಅವನು ಪಂದ್ಯ ಮಾರಿಕೊಂಡಿದ್ದಾನೆಂಬ ನನ್ನ ಅನುಮಾನ ಗಟ್ಟಿಯಾದದ್ದು ಅಲ್ಲಿ. ಜಗಳವಾಡದ ಅವನನ್ನು ನಾನು ನೋಡಿಯೇ ಇರಲಿಲ್ಲ. ಕೆ.ಆರ್. ಪೇಟೆ ಒಂದು ಗೋಲಿನಿಂದ ಗೆದ್ದಿತು. ಮೈಸೂರಿನವರು ಆಟ ಮುಗಿಯುವ ಮೊದಲೇ ಎದ್ದು ಹೋದರು.

ನಾನು ಬರೆದದ್ದು ಒಂದು ಸಾಲು. ಹಿಂದಿನ ದಿನ ಎದುರಾಳಿ ಕ್ಲಬ್ಬಿನ ಅಧ್ಯಕ್ಷರ ಮನೆಯಲ್ಲಿ ಕಾಣಿಸಿಕೊಂಡಿದ್ದ ಎಡ ವಿಂಗರ್ ಎರಡು ಸುಲಭ ಅವಕಾಶಗಳನ್ನು ಕೈಚೆಲ್ಲಿದರು, ಎಂದು. ಅದರಲ್ಲಿ ಒಂದು ಪದವೂ ಸುಳ್ಳಲ್ಲ. ವಾರದೊಳಗೆ ಕ್ಲಬ್ಬು ಅವನನ್ನು ಕೈಬಿಟ್ಟಿತು. ಬೇರೆ ಯಾರೂ ಕರೆಯಲಿಲ್ಲ. ಅವನು ನನ್ನ ಹತ್ತಿರ ಜಗಳಕ್ಕೂ ಬರಲಿಲ್ಲ. ತಪ್ಪಿತಸ್ಥನ ಮೌನ ಎಂದುಕೊಂಡೆ...

ಕಳೆದ ವಾರ ವಾಸನೆಯ ಜಾಡು ಹಿಡಿದು ಹೋಗಿ ಆ ಅಂಗಡಿಯ ಮುಂದೆ ನಿಂತೆ. ಅವನ ಅಣ್ಣ ಟ್ರೈಲರ್ ಒಂದರ ಅಡಿಯಿಂದ ಹೊರಬಂದರು. ತಲೆ ಪೂರ್ತಿ ನರೆತಿತ್ತು. ತಮ್ಮ ಮೂರು ವರ್ಷದ ಹಿಂದೆ ಕಾಮಾಲೆಯಾಗಿ ತೀರಿಕೊಂಡ ಎಂದರು. ಪತ್ರಿಕೆಯಲ್ಲಿ ಆ ಸಾಲು ಬರೆದವನು ನಾನೇ ಎಂದು ಹೇಳಿ, ಆ ಶನಿವಾರದ ಬಗ್ಗೆ ಕೇಳಿದೆ.

"ನಮ್ ತಾತನ ಕಾಲದಿಂದ್ಲೂ ಆ ಮನೆಗೆ ನೇಗ್ಲಿನ ಗುಳ, ಕುಡ್ಲು ಎಲ್ಲಾ ನಾವೇ ತಟ್ಕೊಟ್ಟಿರೋದು ಸ್ವಾಮಿ. ಸುಗ್ಗೀಲಿ ನಮ್ ಪಾಲಿನ ಭತ್ತ ಅಲ್ಲಿಂದ್ಲೇ ಬರೋದು. ಅವ್ರ್ ಟ್ರೈಲರ್ ಮುರ್ದೋಗಿತ್ತು, ಕಬ್ಬು ಕಡ್ಯೋಕೆ ಫ್ಯಾಕ್ಟ್ರಿ ಪರ್ಮಿಟ್ ಬಂದ್ಬುಟ್ಟಿತ್ತು. ನಂಗೆ ಜ್ವರ. ಅಂತಾ ಮನೇಗೆ ಆಗಕಿಲ್ಲ ಅನ್ನೋಕಾಯ್ತದಾ? ಅವ್ನೋದ. ಟ್ರೈಲರ್ ಅಡೀಲಿ ಮಲಿಕ್ಕಂಡು ಒಂದ್ ಕೈಲಿ ಕಬ್ಣದ್ ಪಟ್ಟಿ, ಇನ್ನೊಂದ್ ಕೈಲಿ ರಾಡು. ಕಣ್ಣಿಗೆ ಕರೀ ಗ್ಲಾಸು ಅಡ್ಡ ಇಡ್ಯೋಕೆ ಮೂರ್ನೇ ಕೈ ಎಲ್ಲದೆ? ರಾಡಿನ ಬೆಳಕು ಒಡ್ದು, ಬೆಳಿಗ್ಗೆ ಎದ್ರೆ ಕಣ್ಗೆ ಮರಳು ತುಂಬ್ದಂಗೆ, ನೀರು ಸುರ್ಯೋದು, ಬೆಳಕು ನೋಡೋಕಾಗದು. ನಮ್ಮವ್ವ ಆಲೂಗೆಡ್ಡೆ ಬಿಲ್ಲೆ ಇಟ್ಟೂ ಇಟ್ಟೂ ಸಾಕಾದ್ಲು."

"ಕೋಚ್‌ಗೆ ಹೇಳಬಹುದಿತ್ತಲ್ಲ?"

"ಯೋಳಿದ್ರೆ ಆಡುಸ್ತಿದ್ರಾ? ಅದ್ಕೇ ನಾಗಮಂಗಲ ಅಂತ ಸುಳ್ಳೇಳಿದ್ದ. ಮೈಸೂರ್ನೋರು ಬತ್ತಾವ್ರೆ, ಎಂಗೋ ಕಾಣ್ತದೆ ಬುಡಣ್ಣ ಅಂದ."

ಅಣ್ಣನಾದವನು ಇನ್ನೇನು ಹೇಳಿಯಾನು ಎಂದು ಒಂದು ಕ್ಷಣ ನನಗೆ ಅನಿಸಿದ್ದು ನಿಜ. ಆದರೆ ಆ ಕ್ಯಾಪು, ತಗ್ಗಿಸಿದ ತಲೆ, ಗಾಳಿಗೆ ಒದ್ದ ಕಾಲು... ಎಲ್ಲಕ್ಕೂ ಇದು ಹೊಂದುತ್ತಿತ್ತು. ಮೈದಾನದಿಂದ ಅಂಗಡಿಗೆ ಐದು ನಿಮಿಷದ ದಾರಿ. ಬರೆಯುವ ಮೊದಲು ಹೋಗಿ ಕೇಳಬಹುದಿತ್ತು. ಈಗ ತಿದ್ದುಪಡಿ ಹಾಕಿದರೂ ಅದನ್ನು ಓದಬೇಕಾದವನಿಲ್ಲ.

"ಈಗ್ಲಾದ್ರೂ ನಂಬ್ತೀರಾ?" ಎಂದು ಅಣ್ಣ ಕೇಳಿದರು.

"ನಂಬ್ತೀನಿ" ಎಂದೆ.

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ದಿಟ್ಟಿಸಿದರು. ಆ ಮಾತನ್ನು ನಂಬಿದಂತೆ ಕಾಣಲಿಲ್ಲ. ಕೈಯಲ್ಲಿದ್ದ ರಾಡನ್ನು ಮತ್ತೆ ಹೋಲ್ಡರಿಗೆ ಸಿಕ್ಕಿಸಿ, "ಸ್ವಲ್ಪ ಆ ಕಡೆ ತಿರುಗ್ಕಳಿ ಸ್ವಾಮಿ, ಕಣ್ಗೆ ಒಡೀತದೆ" ಎಂದರು.