ಗರುಡನ ಬಾಯಿಂದ ಜಾರಿದ ಮೀನು

ಹರಿಹರದ ನಿಲ್ದಾಣದಲ್ಲಿ ದಾವಣಗೆರೆ ಬಸ್ಸಿಗೆ ಕಾಯುತ್ತ ಇದನ್ನು ಬರೆಯುತ್ತಿದ್ದೇನೆ. ಕ್ಯಾಮೆರಾ ಮುಟ್ಟಲು ಮನಸ್ಸಿಲ್ಲ.

ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕೊಯ್ದುಕೊಂಡು ಬಿದ್ದಿದ್ದ ಗರುಡವೊಂದನ್ನು ಇಲ್ಲಿನ ಟೀಚರ್ ಶಾಂತಕ್ಕ ತಿಂಗಳುಗಟ್ಟಲೆ ಸಾಕಿ, ಈಚೆಗೆ ತುಂಗಭದ್ರೆಯ ದಡದಲ್ಲಿ ಹಾರಿಬಿಟ್ಟಿದ್ದರು. ಹಾರಾಟ ಮರಳಿತ್ತು, ಬೇಟೆ ಮರಳಿರಲಿಲ್ಲ. ಮೀನು ಮಾಂಸ ಮುಟ್ಟದ ಮನೆಯ ಆಕೆ ದಿನಾ ಮೀನು ಕೊಂಡು ತಂದು ಬಂಡೆಯ ಮೇಲಿಡುತ್ತಿದ್ದರು.

ಇವತ್ತು ಅದರ ಫೋಟೋ ತೆಗೆಯಲೆಂದು ನಾನು ಬಂದಿದ್ದೆ. ನಾವಿಬ್ಬರೂ ನೋಡುತ್ತಿದ್ದಂತೆಯೇ ಅದು ನೀರಿಗೆರಗಿ, ಮೀನೊಂದನ್ನು ಎತ್ತಿಕೊಂಡು ಬಂದು ಬಂಡೆಯ ಮೇಲೆ ಕೂತಿತು. ಒಂದು ತುತ್ತು ಕಿತ್ತುಕೊಳ್ಳಲು ಕೊಕ್ಕಿನಲ್ಲಿ ಕಚ್ಚಿತು. ಶಾಂತಕ್ಕ ನನ್ನ ತೋಳು ಹಿಡಿದರು.

"ತಾನೇ ಹಿಡೀತು ನೋಡ್ರಿ! ಅಲ್ಲಾಡಬ್ಯಾಡ್ರಿ, ತಿನ್ಲಿ."

ರೀಲಿನಲ್ಲಿ ಕೊನೆಯ ಚಿತ್ರವಷ್ಟೇ ಉಳಿದಿತ್ತು. ಅದು ರೆಕ್ಕೆ ಬಿಚ್ಚಿದ ಚಿತ್ರವೇ ಆಗಬೇಕೆಂಬ ಆಸೆ ನನಗೆ. ತೋಳು ಬಿಡಿಸಿಕೊಂಡು ಮುಂದೆ ಹೋಗಿ ಜೋರಾಗಿ ಚಪ್ಪಾಳೆ ತಟ್ಟಿದೆ. ಗರುಡ ಬೆದರಿ ಮೇಲೆದ್ದಿತು, ನಾನು ಕ್ಲಿಕ್ಕಿಸಿದೆ. ಮೀನು ಜಾರಿ ಹೊಳೆಗೆ ಬಿತ್ತು. ಹಕ್ಕಿ ಆಚೆ ದಡದ ಮರ ಸೇರಿತು.

ತಿರುಗಿ ಶಾಂತಕ್ಕನ ಮುಖ ನೋಡಲು ಧೈರ್ಯವಾಗಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಫೋಟೋ ಚಲೋ ಬಂತೇನ್ರಿ?" ಎಂದು ಶಾಂತಕ್ಕ ಕೇಳಿದರು.

"ತಪ್ಪಾಯ್ತು ಶಾಂತಕ್ಕ," ಎಂದೆ.

"ಇರ್ಲಿ ಬಿಡ್ರಿ. ಅದಿನ್ನೂ ಹಸ್ಕಂಡೈತೆ," ಎಂದು ಸೆರಗು ಸಿಕ್ಕಿಸಿಕೊಂಡು ಮೀನಿನ ಅಂಗಡಿಯತ್ತ ಹೊರಟರು. ನಾನೂ ಹಿಂದೆ ಹೆಜ್ಜೆ ಹಾಕಿದೆ. ಅವರು ನಿಂತು, ಮೆತ್ತಗೆ ಹೇಳಿದರು:

"ನೀವು ಬರಾದು ಬ್ಯಾಡ್ರಿ. ನಿಮ್ಮನ್ನ ಕಂಡ್ರೆ ಅದು ಕೆಳಗ ಇಳಿಯಂಗಿಲ್ಲ."