ಗ್ಲಿಸರಿನ್ ತೆಗೆಯುವ ಕಲೆ

ನಾನು ಎಂದೂ ಕುಡಿಯದ ಒಂದು ಬಿಯರಿನ ರುಚಿ ನನಗೆ ಚೆನ್ನಾಗಿ ಗೊತ್ತು. ಅದು ನಾನು ಹುಟ್ಟುವ ಎಷ್ಟೋ ಮೊದಲು ಮುಂಬಯಿಯ ವಡಾಲದ ಚಾಳೊಂದರಲ್ಲಿ ಕುಡಿದು ಮುಗಿದದ್ದು. ಹಾಗಲಕಾಯಿ ಬೇಯಿಸಿದ ನೀರಿಗೆ ಒದ್ದೆ ಗೋಣಿಚೀಲ ಹಿಂಡಿದರೆ ಹೇಗಿರುತ್ತದೋ ಹಾಗಿತ್ತಂತೆ. ಇದು ನಮ್ಮ ಕಾಕಾನ ವರ್ಣನೆ. ಕಾಕಾ ನನ್ನಪ್ಪನ ತಮ್ಮ. ಧಾರವಾಡದಿಂದ ಬಂದು, ಹಡಗಿನ ಕಂಪನಿಯೊಂದರಲ್ಲಿ ಗುಮಾಸ್ತಿಕೆ ಮಾಡಿ, ಈಗ ಬೊರಿವಲಿಯ ನಮ್ಮ ಬಿಲ್ಡಿಂಗಿನಲ್ಲೇ ಇದ್ದಾನೆ. ಆ ಬಿಯರನ್ನು ಹೀಗೆ ಬಾಯ್ತುಂಬ ಬೈದು, ಕೊನೆಗೆ ನಿಟ್ಟುಸಿರು ಬಿಡುತ್ತಾನೆ: "ಅಂಥಾ ಬಿಯರ್ ಈಗೆಲ್ಲಿ ಸಿಗಬೇಕವಾ."

ನನ್ನ ತಕರಾರು ಶುರುವಾಗುವುದೇ ಇಲ್ಲಿ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು ನಾನು. ಕೆಟ್ಟದ್ದು ಎಂದು ಒಪ್ಪಿಕೊಂಡ ವಸ್ತು ಹೋಯಿತೆಂದು ಮರುಗುವವರನ್ನು ಕಂಡರೆ ನನಗೆ ಸುಮ್ಮನಿರಲು ಆಗುವುದಿಲ್ಲ. ನೆನಪು ಒಳ್ಳೆಯ ವಕೀಲನಿರಬಹುದು, ಸಾಕ್ಷಿಯಂತೂ ಅಲ್ಲ.

ವಡಾಲದಲ್ಲಿದ್ದಾಗ ಕಾಕಾ ಮತ್ತು ಅವನ ಗೆಳೆಯ ದೇಸಾಯಿ ಒಂದೇ ಖೋಲಿಯಲ್ಲಿದ್ದರು. ಪರ್ಮಿಟ್ ರೂಮಿಗೆ, ಅಂದರೆ ಬಾರಿಗೆ, ಹೋದರೆ ಊರಿನವರ ಕಣ್ಣಿಗೆ ಬೀಳುವ ಭಯ. ಹಾಗಾಗಿ ಭಾನುವಾರ ಮಧ್ಯಾಹ್ನ ಮೆಂತ್ಯದ ಸೊಪ್ಪಿನ ಅಡಿಯಲ್ಲಿ ಬಾಟ್ಲಿ ಖೋಲಿಗೆ ಬರುತ್ತಿತ್ತು. ಫ್ರಿಜ್ ಇಲ್ಲ, ಬಕೆಟ್ಟಿನ ನೀರಿನಲ್ಲಿ ಅದು ತಣ್ಣಗಾದಂತೆ ನಟಿಸುತ್ತಿತ್ತು. ಆಮೇಲೆ ಕರ್ಮಾಂಗ. ಆ ಕಾಲದ ಬಿಯರಿನಲ್ಲಿ ಗ್ಲಿಸರಿನ್ ಬೆರೆಸಿರುತ್ತಾರೆ, ಸೋಮವಾರದ ತಲೆನೋವಿಗೆ ಅದೇ ಮೂಲ ಎಂದು ಊರಿಗೆ ಊರೇ ನಂಬಿತ್ತು. ಅದನ್ನು ತೆಗೆಯುವ ವಿದ್ಯೆ ದೇಸಾಯಿ ಕಾಕಾಗೆ ಸಿದ್ಧಿಸಿತ್ತು. ದೊಡ್ಡ ಗ್ಲಾಸಿನ ತುಂಬ ನೀರು. ಬಾಟ್ಲಿಯ ಬಾಯಿಗೆ ಹೆಬ್ಬೆರಳು ಒತ್ತಿ, ತಲೆಕೆಳಗು ಮಾಡಿ, ಬಾಯನ್ನು ನೀರಿನಲ್ಲಿ ಮುಳುಗಿಸಿ ಬೆರಳು ತೆಗೆಯುವುದು. ಎಣ್ಣೆಯಂಥ ಎಳೆಗಳು ಮೆಲ್ಲಗೆ ನೀರಿಗೆ ಇಳಿಯುತ್ತವೆ. ಅದೇ ಗ್ಲಿಸರಿನ್. ದೇಸಾಯಿ ಕಾಕಾ ಆ ವಿಷದ ಗ್ಲಾಸನ್ನು ತಾವೇ ಮೋರಿಗೆ ಒಯ್ದು ಚೆಲ್ಲಿ ಬರುತ್ತಿದ್ದರು.

ಹೋದ ವರ್ಷ ನಾನು ಕಾಕಾನ ಎದುರಿಗೇ ಇದನ್ನು ಪರೀಕ್ಷಿಸಿದೆ. ಹೊಸ ಕಾಲದ ಶುದ್ಧ ಬಿಯರು, ಬೆರಕೆಯಿಲ್ಲವೆಂದು ಚೀಟಿಯ ಮೇಲೇ ಬರೆದದ್ದು. ತಲೆಕೆಳಗು ಮಾಡಿದರೆ ಅದೇ ಎಳೆಗಳು. ಬಿಯರು ನೀರಿಗಿಂತ ತುಸು ಭಾರ. ಹಾಗಾಗಿ ಬಿಯರು ಕೆಳಗಿಳಿಯುತ್ತದೆ, ನೀರು ಮೇಲೇರುತ್ತದೆ. ಅಂದರೆ ಈ ಮಹನೀಯರು ವರ್ಷಗಟ್ಟಲೆ ಬಿಯರನ್ನು ಮೋರಿಗೆ ಚೆಲ್ಲಿ ನೀರು ಕುಡಿದರು. ನಾನು ಗೆದ್ದ ನಗೆ ನಕ್ಕೆ. ಕಾಕಾ ಗ್ಲಾಸನ್ನು ಪಕ್ಕಕ್ಕೆ ಸರಿಸಿ, "ಆತು, ನೀ ಶಾಣ್ಯಾಕಿ. ದೇಸಾಯಿ ಮುಂದ ಈ ಮಾತು ಎತ್ತಬ್ಯಾಡ," ಎಂದ.

ಸಾವಿರಾರು ವರ್ಷಗಳ ಹಿಂದೆ ಮೆಸೊಪೊಟೇಮಿಯಾದ ಜನ ಒಂದೇ ಗಡಿಗೆಯ ಸುತ್ತ ಕೂತು ಉದ್ದ ಕೊಳವೆಗಳಿಂದ ಬಿಯರು ಹೀರುತ್ತಿದ್ದರಂತೆ, ಚರಟ ಬಾಯಿಗೆ ಬರಬಾರದೆಂದು. ಬಿಯರು ಕೆಟ್ಟದ್ದಾದಷ್ಟೂ ಅದರ ಸುತ್ತ ಶಾಸ್ತ್ರ ಬೆಳೆಯುತ್ತದೆ. ಒಳ್ಳೆಯದಕ್ಕೆ ಯಾವ ಶಾಸ್ತ್ರವೂ ಬೇಡ, ಸುಮ್ಮನೆ ಕುಡಿದರಾಯಿತು.

ದೇಸಾಯಿ ಕಾಕಾ ಈಗ ಸಾಂತಾಕ್ರೂಜಿನಲ್ಲಿ ಮಗನ ಮನೆಯಲ್ಲಿದ್ದಾರೆ. ಎರಡು ವರ್ಷದಿಂದ ಕೈ ನಡುಗುತ್ತದೆ. ನಾಲ್ಕು ಜನರೆದುರು ಚಹಾ ಚೆಲ್ಲಿಕೊಂಡ ಮೇಲೆ ಎಲ್ಲಿಗೂ ಹೋಗುವುದನ್ನು ಬಿಟ್ಟಿದ್ದರು. ಕಾಕಾ ಎಷ್ಟು ಕರೆದರೂ, "ಈಗಿನ ಬಿಯರ್‌ದಾಗ ನಂದೇನು ಕೆಲಸ ಅದನೋ," ಎಂದು ಫೋನ್ ಇಡುತ್ತಿದ್ದರು. ಕಳೆದ ತಿಂಗಳು ಕಾಕಾ ನನ್ನೆದುರೇ ಸುಳ್ಳು ಹೇಳಿದ: "ಹಳೇ ಥರದ್ದು ಸಿಕ್ಕದ ನೋಡಲೇ. ಗ್ಲಿಸರಿನ್ ಭಾಳ ಅದ. ನಂಗ ತಗೀಲಿಕ್ಕೆ ಬರೂದಿಲ್ಲ, ನೀನೇ ಬರಬೇಕು." ಆ ಕಡೆ ಕ್ಯಾಲೆಂಡರಿನ ಹಾಳೆ ತಿರುವಿದ ಸದ್ದು. ಆಮೇಲೆ, "ಸಂಡೇ ಲೋಕಲ್ ಟ್ರೇನ್ ಖಾಲಿ ಇರ್ತದ, ಬರ್ತೀನಿ."

"ಲೇಕಿನ್ ಕಾಕಾ, ಸತ್ಯ ತಿಳ್ಕೊಳ್ಳೂದು ಅವರ ಹಕ್ಕು," ಎಂದೆ.

"ಹಕ್ಕು ಇರ್ಲಿ. ಮೊದಲ ಅಂವ ಮನಿ ಹೊಸ್ತಿಲಾ ದಾಟ್ಲಿ."

ಭಾನುವಾರ ಬಂದರು. ಚಹಾ ಬೇಡವೆಂದರು. ನೀರು ತುಂಬಿದ ಗ್ಲಾಸು ಮುಂದಿಟ್ಟಾಗ ಮಾತ್ರ ಅಂಗಿಯ ತೋಳು ಮಡಚಿದರು. ಕೈ ನಡುಗಿದಷ್ಟೂ ಎಳೆಗಳು ಬೇಗ ಬೇಗ ಇಳಿದವು. ಮೇಜು ಸ್ವಲ್ಪ ಒದ್ದೆಯಾಯಿತು. ಕಾಕಾ ಕಿಟಕಿಯ ಕಡೆ ನೋಡುತ್ತ ಕೂತ. "ನೋಡು, ಎಷ್ಟು ಹಾಕ್ಯಾರ ಸೂಳೇಮಕ್ಕಳು," ಎಂದು ದೇಸಾಯಿ ಕಾಕಾ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಅಡುಗೆಮನೆಗೆ ಹೊರಟರು.

ನನ್ನ ನಾಲಿಗೆ ತುರಿಸುತ್ತಿತ್ತು. ಮೆಲ್ಲಗೆ ತಿಳಿಸಿದರೆ ನೋವಾಗದು ಎಂದು ವಾದ ಜೋಡಿಸಿಕೊಂಡು ಹಿಂದೆಯೇ ಹೋದೆ. ಅವರು ಸಿಂಕಿನ ಮುಂದೆ ನಿಂತು ಗ್ಲಾಸನ್ನು ಗಟಗಟ ಕುಡಿಯುತ್ತಿದ್ದರು. ನನ್ನನ್ನು ಕಂಡು ಮೀಸೆ ಒರೆಸಿಕೊಂಡರು.

"ನಿಮ್ಮ ಕಾಕಾಗ ಹೇಳಬ್ಯಾಡವಾ. ಭೋಳೇ ಮನಷ್ಯಾ. ಕೆಳಗ ಇಳಿಯೂದು ಬಿಯರ್ ಅಂತ ಇಷ್ಟು ವರ್ಷ ಆದ್ರೂ ಅಂವಗ ತಿಳಿದಿಲ್ಲ."

ವಾದವೆಲ್ಲ ಮರೆತು ಹೊರಗೆ ಬಂದೆ. ಕಾಕಾ ದನಿ ತಗ್ಗಿಸಿ ಕೇಳಿದ: "ಕುಡದನ?"

ನಾನು ಅವನ ಪಕ್ಕ ಕುರ್ಚಿ ಎಳೆದು ಕೂತೆ. "ನಿಂಗ ಯಾವಾಗಿಂದ ಗೊತ್ತು?"

"ಮೊದಲಿಂದ. ಮೋರಿಯಿಂದ ಬರೂವಾಗ ಮೀಸಿಗೆ ನೊರಿ ಹತ್ತಿರ್ತಿತ್ತು."

"ಮತ್ತ ಸುಮ್ನ ಯಾಕಿದ್ದಿ?"

"ಇನ್ನೊಂದು ಗ್ಲಾಸ್ ತಗೋ ಅಂದ್ರ ಸಾಕು ಅಂತಿದ್ದ. ಕೇಳಿ ಕುಡಿಯೂ ಮನಷ್ಯಾ ಅಲ್ಲ ಅಂವ. ಹಿಂಗಾದ್ರೂ ಕುಡೀಲಿ ಅಂತ ಬಿಟ್ಟೆ. ನೀ ಹೇಳಬ್ಯಾಡ ಮತ್ತ."

ದೇಸಾಯಿ ಕಾಕಾ ಬಂದು ಕೂತರು. ಬಾಟ್ಲಿಯಲ್ಲಿ ಉಳಿದ ಪೇಲವ ದ್ರವವನ್ನು ಕಾಕಾ ಮೂರು ಪಾಲು ಮಾಡಿದ. "ಈಗ ನೋಡು, ಹೆಂಗ ಸ್ವಚ್ಛ ಆತು," ಎಂದರು ಒಬ್ಬರು. "ನಿನ್ನ ಕೈಗುಣ," ಎಂದ ಇನ್ನೊಬ್ಬ. ನಾನೂ ಒಂದು ಗುಟುಕು ಕುಡಿದೆ. ಹಾಗಲಕಾಯಿ, ಗೋಣಿಚೀಲ, ಎಲ್ಲ ಇತ್ತು. ಕಾಕಾನ ಸಾಕ್ಷ್ಯದಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

"ಹೆಂಗದವಾ?" ದೇಸಾಯಿ ಕಾಕಾ ಕೇಳಿದರು. ಇಬ್ಬರೂ ನನ್ನ ಮುಖ ನೋಡುತ್ತಿದ್ದರು, ಇಬ್ಬರೂ ಒಂದೇ ಅಂಜಿಕೆಯಿಂದ.

"ಗ್ಲಿಸರಿನ್ ಇನ್ನೂ ಸ್ವಲ್ಪ ಉಳದಂಗ ಅದ, ಕಾಕಾ," ಎಂದೆ.

ದೇಸಾಯಿ ಕಾಕಾ ಆಗಲೇ ಎರಡನೆಯ ಬಾಟ್ಲಿಗೆ ಕೈ ಚಾಚಿದ್ದರು. "ಏ, ನೀರು ತಗೊಂಬಾ," ಎಂದರು. "ದೊಡ್ಡ ಗ್ಲಾಸ್‌ನ್ಯಾಗ."